ಧಾರಾವಾಹಿ ನಿರ್ಮಾಣದಿಂದ ಸ್ವಂತ ಮಾಧ್ಯಮ ಸಂಸ್ಥೆಗೆ: ತುಮಕೂರಿನಿಂದ ನನ್ನ ಅನುಭವ

ಚಾನೆಲ್‌ಗೆ ಧಾರಾವಾಹಿ ಮಾಡಿಕೊಡುವ ನಿರ್ಮಾಪಕನ ಕೈಯಲ್ಲಿ ಉಳಿಯುವುದು ಎಪಿಸೋಡಿನ ಲಾಭವಷ್ಟೇ. ಕಥೆ, ಶೀರ್ಷಿಕೆ, ಫುಟೇಜ್ ಸಾಮಾನ್ಯವಾಗಿ ಚಾನೆಲ್‌ನ ಸ್ವತ್ತು. ಹಾಗಾಗಿ ತುಮಕೂರಿನಲ್ಲಿ ಸ್ವಂತ ಸಂಸ್ಥೆ ಕಟ್ಟುವಾಗ ಕ್ಯಾಮೆರಾಕ್ಕಿಂತ ಮೊದಲು ನಾನು ಸರಿಮಾಡಿಕೊಂಡದ್ದು ದುಡ್ಡು ತಿರುಗುವ ಲೆಕ್ಕ ಮತ್ತು ಹಕ್ಕಿನ ಕಾಗದ.

ಲೆಕ್ಕ ಹೀಗೆ. ಒಂದು ಎಪಿಸೋಡಿಗೆ 1 ಲಕ್ಷ ಖರ್ಚು, 10 ಸಾವಿರ ಲಾಭ, ವಾರಕ್ಕೆ 6 ಎಪಿಸೋಡ್ ಎಂದಿಟ್ಟುಕೊಳ್ಳಿ. ಕಲಾವಿದರು, ಲೈಟ್‌ನವರು, ಊಟದವರಿಗೆ ಕಾಯಿಸದೆ ಕೊಡಬೇಕು. ಬಿಲ್ಲಿನ ಹಣ ಪ್ರಸಾರವಾದ 60 ದಿನಕ್ಕೆ ಬಂದರೆ, ಅಷ್ಟರಲ್ಲಿ ಸುಮಾರು 51 ಎಪಿಸೋಡಿನ ಖರ್ಚು ಕೈಯಿಂದ ಹೋಗಿರುತ್ತದೆ. ಮುಂಗಡವಾಗಿ ಚಿತ್ರೀಕರಿಸಿಟ್ಟ 10 ಸೇರಿದರೆ 61 ಲಕ್ಷ. ಅದನ್ನು ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ ಸಾಲ ತಂದರೆ ತಿಂಗಳಿಗೆ 1.83 ಲಕ್ಷ ಬಡ್ಡಿ; ಆ ತಿಂಗಳ 26 ಎಪಿಸೋಡಿನ ಲಾಭ 2.6 ಲಕ್ಷ, ಅದರ ಬಹುಪಾಲು ಬಡ್ಡಿಗೇ ಹೋಗುತ್ತದೆ. ಟಿಆರ್‌ಪಿ ಚೆನ್ನಾಗಿದ್ದೂ ನಿರ್ಮಾಪಕರು ಸೋಲುವುದು ಇಲ್ಲೇ.

ಇದಕ್ಕೆ ಕಾನೂನಿನ ಆಸರೆಯೊಂದಿದೆ, ಬಳಸುವವರು ಕಡಿಮೆ. ಕರಾರಿಗೆ ಸಹಿ ಬೀಳುವ ಮೊದಲೇ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆ ಎಂದು ಕೇಂದ್ರ ಸರ್ಕಾರದಲ್ಲಿ ನೋಂದಣಿ, ಮಾಡಿಸಿ. 2006ರ ಎಂಎಸ್‌ಎಂಇ (ಕಿರು, ಸಣ್ಣ ಮತ್ತು ಮಧ್ಯಮ ಉದ್ದಿಮೆ) ಕಾಯ್ದೆಯಂತೆ ಕಿರು ಮತ್ತು ಸಣ್ಣ ಉದ್ದಿಮೆಗೆ ಹಣ ಕೊಡಲು ಇರುವ ಗಡುವು ಹೆಚ್ಚೆಂದರೆ 45 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕೆಲಸ ಮುಗಿದ ಮೇಲೆ ನೋಂದಾಯಿಸಿದರೆ ಹಿಂದಿನ ಬಿಲ್ಲಿಗೆ ಈ ರಕ್ಷಣೆ ಸಿಗುವುದು ಅನುಮಾನ.

ಇನ್ನು ಹಕ್ಕು. ಪಕ್ಕದ ಗುಬ್ಬಿಯ ವೀರಣ್ಣನವರು ನಾಟಕ ಕಂಪನಿಯ ಒಡೆತನ ವಹಿಸಿಕೊಂಡು ಬೆಳೆಸಿ, ಆ ಬಲದ ಮೇಲೆ ಸಿನಿಮಾ ನಿರ್ಮಾಣಕ್ಕೂ ಇಳಿದವರು. ಒಡೆತನದ ಬೆಲೆಗೆ ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಕಾಣದು. ಸಿನಿಮಾ ಕೃತಿಯ ಹಕ್ಕುಸ್ವಾಮ್ಯ ಬಿಡುಗಡೆಯಾದ ಮೇಲೆ 60 ವರ್ಷ ಇರುತ್ತದೆ. ಆದರೆ ಬರಹಗಾರರಿಂದ ಹಕ್ಕು ಪಡೆಯುವಾಗ ಬಾಯಿಮಾತು ನಡೆಯದು, ಬರವಣಿಗೆಯಲ್ಲೇ ಇರಬೇಕು. ಅವಧಿ ಬರೆಯದಿದ್ದರೆ ಹಕ್ಕುಸ್ವಾಮ್ಯ ಕಾಯ್ದೆ ಅದನ್ನು 5 ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೂ ಎಣಿಸುತ್ತದೆ. ಯೂಟ್ಯೂಬ್ ನೋಡುವವರು ದುಬೈನಲ್ಲೂ ಇರುತ್ತಾರೆ. ಅದಕ್ಕೇ ಅವಧಿ, ಪ್ರದೇಶ, ಮಾಧ್ಯಮ, ಡಬ್ಬಿಂಗ್, ರೀಮೇಕ್ ಒಂದೊಂದನ್ನೂ ಬಿಡಿಬಿಡಿಯಾಗಿ ಬರೆಸುತ್ತೇನೆ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತಿಲ್ಲದ ಪಕ್ಷದಲ್ಲಿ ಅದು ಕಳೆದುಹೋಗುತ್ತದೆ.

ಜಾತ್ರೆಯಲ್ಲಿ ಚಿತ್ರೀಕರಣವಿದ್ದರೆ ಮೈಕಿನ ಹಾಡಿನ ಮೇಲೆ ಕಿವಿ ಇಡಿ. ಹಿನ್ನೆಲೆಯಲ್ಲಿ ಸಿನಿಮಾ ಹಾಡು ಸೇರಿದರೆ ಯೂಟ್ಯೂಬ್‌ನಲ್ಲಿ ಆಡಿಯೊ ಕಂಪನಿಯ ಕ್ಲೈಮ್ (ಹಾಡು ತನ್ನದೆಂಬ ಹಕ್ಕೊತ್ತಾಯ) ಬಿದ್ದು ವಿಡಿಯೊದ ಆದಾಯ ಆ ಕಡೆ ಹೋಗಬಹುದು. ಮಾತುಕತೆಯನ್ನು ಹಾಡು ನಿಂತಾಗಲೇ ಲೇಪಲ್ ಮೈಕಿನಲ್ಲಿ (ಬಟ್ಟೆಗೆ ಸಿಕ್ಕಿಸುವ ಪುಟ್ಟ ಮೈಕು) ತೆಗೆಯಿರಿ. ಜನಪದ ಗೀತೆ ಯಾರ ಸೊತ್ತೂ ಅಲ್ಲ, ನಿಜ. ಆದರೆ ಹಾಡಿದವರಿಗೆ ತಮ್ಮ ಹಾಡಿಕೆಯ ಮೇಲೆ ಹಕ್ಕಿದೆ, ಕಾನೂನು ಅದನ್ನು ಪ್ರದರ್ಶಕರ ಹಕ್ಕು ಎನ್ನುತ್ತದೆ. ಅವರಿಗೆ ಸಂಭಾವನೆ ಕೊಟ್ಟು, ಓದಿ ಹೇಳಿ, ಒಪ್ಪಿಗೆಯ ಸಹಿ ಪಡೆಯಬೇಕು. ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದಂಥ ಕಡೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಬೇಕು, ಪಂಚಾಯಿತಿಯ ಪತ್ರ ಸಾಲದು.

ಸಲಕರಣೆ ವಿಚಾರ ಚಿಕ್ಕದು. ಸೆಕೆಂಡಿಗೆ 25 ಫ್ರೇಮ್, ಶಟರ್ ವೇಗ 1/50 ಸೆಕೆಂಡ್. ನಮ್ಮ ಕರೆಂಟ್ 50 ಹರ್ಟ್ಸ್ ಆದ್ದರಿಂದ ಟ್ಯೂಬ್‌ಲೈಟ್ ಮಿಣುಕುವುದಿಲ್ಲ. 100 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 100 ಮೆಗಾಬಿಟ್) ರೆಕಾರ್ಡ್ ಮಾಡಿದರೆ ಗಂಟೆಗೆ 45 ಜಿಬಿ ಆಗುತ್ತದೆ. ಫುಟೇಜಿನ ಮೂರು ಪ್ರತಿ ಇರಲಿ, ಒಂದು ಬೇರೆ ಕಟ್ಟಡದಲ್ಲಿ.

ಯೂಟ್ಯೂಬ್ ಜಾಹೀರಾತಿನಲ್ಲಿ ಪಾಲು ಸಿಗಲು 1,000 ಚಂದಾದಾರರು ಮತ್ತು 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ ಬೇಕು. ಉದ್ದ ವಿಡಿಯೊಗೆ ಶೇ 55, ಶಾರ್ಟ್ಸ್‌ಗೆ ಶೇ 45. ಇದನ್ನು ನಂಬಿ ಸಂಬಳ ಕೊಡಲಾಗದು. ತಿಪಟೂರಿನ ಕೊಬ್ಬರಿ, ಕೋಲಾರದ ಟೊಮೆಟೊ, ಶಿಡ್ಲಘಟ್ಟದ ರೇಷ್ಮೆಗೂಡಿನ ಸರಣಿಗಳಿಗೆ ಹನಿ ನೀರಾವರಿ, ಬೀಜ, ಯಂತ್ರ ಮಾರುವವರ ಪ್ರಾಯೋಜನೆ ಹಿಡಿಯುವುದೇ ಆಧಾರ; ಅದು ಪ್ರಾಯೋಜಿತ ಎಂದು ಪರದೆಯ ಮೇಲೆ ತೋರಿಸಲೇಬೇಕು. ಸುದ್ದಿ ಮಾಡಿದರೆ 2021ರ ಐಟಿ ನಿಯಮದಂತೆ ದೂರು ಅಧಿಕಾರಿ ಇರಬೇಕು, ದೂರನ್ನು 15 ದಿನದೊಳಗೆ ತೀರ್ಮಾನಿಸಬೇಕು.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ತೆಲುಗು ಮನೆಮಾತಿನವರು ಬಹಳ. ಎಡಿಟಿಂಗ್ ಮುಗಿದಾಗ ಮಾತು ಬಿಟ್ಟು ಸಂಗೀತ, ಪರಿಸರದ ಸದ್ದು ಮಾತ್ರ ಇರುವ ಟ್ರ್ಯಾಕ್ ಬೇರೆಯಾಗಿ ತೆಗೆದಿಡಿ. ಅದಿಲ್ಲದಿದ್ದರೆ ತೆಲುಗು ಡಬ್ಬಿಂಗ್ ಕೇಳಿಬಂದಾಗ ಎತ್ತಿನ ಗಾಡಿಯ ಸದ್ದಿನಿಂದ ಹಿಡಿದು ಎಲ್ಲವನ್ನೂ ಮತ್ತೆ ಕಟ್ಟಬೇಕಾಗುತ್ತದೆ.