ಪೆಟ್ಟಿಗೆ ಮಾಸ್ತರು 'ರಿಮೋಟ್' ಅಂದ ವಾದ್ಯ: ನನ್ನ ಅನುಭವ

ಹೋದ ವರ್ಷ ಸಿರುಗುಪ್ಪದ ಹತ್ತಿರ ಒಂದು ಹಳ್ಳಿಯಲ್ಲಿ ಜಾತ್ರೆ ನಾಟಕ ಇತ್ತು. ರಾತ್ರಿ ಹತ್ತೂವರೆಗೆ ಶುರುವಾಗಿದ್ದು ಬೆಳಗಿನ ಜಾವ ನಾಲ್ಕಕ್ಕೆ ಮುಗಿಯಿತು. ಸ್ಟೇಜ್ ಇಳಿದು ಚಹಾ ಕುಡಿಯುವಾಗ ನಮ್ಮ ಪೆಟ್ಟಿಗೆ ಮಾಸ್ತರು, ಅಂದರೆ ಹಾರ್ಮೋನಿಯಂ ನುಡಿಸುವವರು, ಹತ್ತಿರ ಬಂದರು. "ಏನಲೇ ತಮ್ಮಾ, ನಿನ್ನ ರಿಮೋಟ್ ಇವತ್ತು ಹಾಡಿತಲ್ಲೋ" ಅಂದರು. ಅವರ ಬಾಯಲ್ಲಿ ಇಷ್ಟು ಕೇಳೋಕೆ ನನಗೆ ಹತ್ತಿರ ಹತ್ತಿರ ಮೂರು ವರ್ಷ ಹಿಡಿಯಿತು. ಕೈಬಿಟ್ಟ ದುಡ್ಡು ಬೇರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ರಿಮೋಟ್ ಅಂದರೆ ನನ್ನ ಎಲೆಕ್ಟ್ರಾನಿಕ್ ಊದುವ ವಾದ್ಯ. ಊದಿದರೆ ಸೆನ್ಸರ್‌ಗೆ ಗೊತ್ತಾಗುತ್ತದೆ, ಬೆರಳಿಟ್ಟರೆ ಸ್ವರ ಬದಲಾಗುತ್ತದೆ, ಒಳಗಿನ ಸಿಂಥ್, ಅಂದರೆ ಶಬ್ದ ಹುಟ್ಟಿಸುವ ಎಲೆಕ್ಟ್ರಾನಿಕ್ ಭಾಗ, ಹಾಡುತ್ತದೆ. ಇಷ್ಟು ಗೊತ್ತಿದ್ದರೆ ಸಾಕು, ಮುಂದೆ ಹೋಗೋಣ.

ನಾನು ಬಳ್ಳಾರಿ ಕೌಲ್ ಬಜಾರ್ ಕಡೆಯವನು. ಅಪ್ಪ ಬ್ಯಾಂಡ್ ಸೆಟ್‌ನಲ್ಲಿ ಕ್ಲಾರಿಯೋನೆಟ್ ಊದುತ್ತಿದ್ದರು. ನಾನೂ ಅದನ್ನೇ ಊದಿದೆ, ಆಮೇಲೆ ಸ್ಯಾಕ್ಸೊಫೋನ್ ಹಿಡಿದೆ. ಮದುವೆ, ಆರ್ಕೆಸ್ಟ್ರಾ, ಊರ ನಾಟಕ, ಗಣಪತಿ ಮೆರವಣಿಗೆ, ಕರೆದಲ್ಲಿಗೆ ಹೋಗುವುದು. ನಮ್ಮ ಕಡೆ ಬಿಸಿಲು ಹೇಗಿರುತ್ತದೆ ಅಂತ ಬೇರೆ ಹೇಳಬೇಕಾ? ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ. ಮದುವೆ ಸೀಸನ್ನೂ ಅದೇ. ಬಿಸಿ ಏರಿದಂತೆ ಕ್ಲಾರಿಯೋನೆಟ್ ಶ್ರುತಿ ಏರುತ್ತದೆ. ಪೆಟ್ಟಿಗೆಯ ಹಿತ್ತಾಳೆ ರೀಡು ಏರಲ್ಲ, ಸರಿದರೆ ಒಂಚೂರು ಕೆಳಗೇ ಸರಿಯುತ್ತದೆ. ಕೀಬೋರ್ಡ್ ಅಂತೂ ಅಲ್ಲಾಡಲ್ಲ. ನಾನು ಶ್ರುತಿ ಇಳಿಸಲು ಬ್ಯಾರೆಲ್ (ಬಾಯಿಯ ಕೆಳಗಿನ ಗಿಡ್ಡ ತುಂಡು) ಎಳೆದು ಎಳೆದು ಕಡೆಗೆ ಅದು ಕೈಗೇ ಬರುತ್ತದೇನೋ ಅನ್ನಿಸುತ್ತಿತ್ತು. ರೀಡು ಒಣಗಿ ಸೀಳುವುದು ಇನ್ನೊಂದು ಗೋಳು. ಸಂಡೂರು, ತೋರಣಗಲ್ಲು ಕಡೆ ಕಾರ್ಯಕ್ರಮ ಮಾಡಿ ಬಂದರೆ ಸ್ಯಾಕ್ಸ್ ಪ್ಯಾಡ್ ತುಂಬಾ ಕೆಂಪು ಧೂಳು. ರೀಡು, ಪ್ಯಾಡು ಅಂತ ವರ್ಷಕ್ಕೆ ಏನಿಲ್ಲವೆಂದರೂ ಒಂಬತ್ತು ಹತ್ತು ಸಾವಿರ ಹೋಗುತ್ತಿತ್ತು.

ಆದರೂ ಹೊಸ ವಾದ್ಯಕ್ಕೆ ನನ್ನನ್ನು ತಳ್ಳಿದ್ದು ಬಿಸಿಲಲ್ಲ, ಹಾಡುವವರ ಶ್ರುತಿ. ನಾಟಕದಲ್ಲಿ ಹೀರೋ ಬಿಳಿ ಒಂದಕ್ಕೆ, ಅಂದರೆ ಪೆಟ್ಟಿಗೆಯ ಮೊದಲನೇ ಬಿಳಿ ಕೀಲಿಯನ್ನು ಷಡ್ಜ ಮಾಡಿಕೊಂಡು, ಹಾಡುತ್ತಾನೆ. ಹೀರೋಯಿನ್ ಪಾರ್ಟಿನ ಅಕ್ಕ ಬಿಳಿ ಆರು ಅನ್ನುತ್ತಾರೆ. ಹಾಸ್ಯದವನಿಗೆ ಬಿಳಿ ಮೂರು ಬೇಕು, ಅದೂ ಗಂಟಲು ನೋಡಿಕೊಂಡು. ಕ್ಲಾರಿಯೋನೆಟ್‌ನಲ್ಲಿ ಬಿಳಿ ಮೂರು, ಬಿಳಿ ಆರಕ್ಕೆ ಷಡ್ಜ ಇಟ್ಟು ಗಮಕ (ಸ್ವರವನ್ನು ತೂಗಿಸಿ ಜಾರಿಸುವುದು) ತೆಗೆದು ನೋಡಿ, ಬೆರಳು ಗಂಟು ಬೀಳುತ್ತವೆ. ಎಲೆಕ್ಟ್ರಾನಿಕ್ ವಾದ್ಯದಲ್ಲಿ ಬೆರಳು ಒಂದೇ ಕಡೆ, ಬಟನ್ ಒತ್ತಿ ಮೂರು ಮೆಟ್ಟಿಲು, ಅಂದರೆ ಮೂರು ಅರ್ಧಸ್ವರ, ಇಳಿಸಿದರೆ ಬಿಳಿ ಆರು, ನಾಲ್ಕು ಏರಿಸಿದರೆ ಬಿಳಿ ಮೂರು. ಮೊಬೈಲ್‌ನಲ್ಲಿ ಇದನ್ನು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೊದಲನೆಯದನ್ನು ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದೆ. 22,000 ಕೊಟ್ಟ ನೆನಪು. ಕಂಪನಿ ಹೆಸರು ಬೇಡ, ತಪ್ಪು ಜಾಸ್ತಿ ನನ್ನದೇ ಇತ್ತು. ಅದರೊಳಗೆ ಶಬ್ದವೇ ಇಲ್ಲ, ಲ್ಯಾಪ್‌ಟಾಪ್ ಬೇಕು. ಕೀಲಿಗಳೂ ಒತ್ತುವಂಥವಲ್ಲ, ಮುಟ್ಟಿದರೆ ಸಾಕು ಅನ್ನುವಂಥವು. ಮನೆಯಲ್ಲಿ ಚೆನ್ನಾಗೇ ನಡೆಯಿತು. ಕಂಪ್ಲಿ ಕಡೆ ಒಂದು ಮದುವೆಗೆ ಒಯ್ದೆ. ಶಾಮಿಯಾನದ ಕೆಳಗೆ ಮಧ್ಯಾಹ್ನ ಒಂದು ಗಂಟೆ. ಎರಡನೇ ಹಾಡಿಗೆ ಲ್ಯಾಪ್‌ಟಾಪ್ ಬಿಸಿಯಾಗಿ ತಾನೇ ಆಫ್ ಆಯಿತು. ನಾನು ಊದುತ್ತಲೇ ಇದ್ದೇನೆ, ಶಬ್ದ ಇಲ್ಲ. ಜನ ನೋಡುತ್ತಿದ್ದಾರೆ. ತೆಲುಗು ಹಾಡಿಗೆ ಕುಣಿಯುತ್ತಿದ್ದ ಹುಡುಗನೊಬ್ಬ, "ಅಣ್ಣಾ, ರೀಚಾರ್ಜ್ ಮಾಡಿಸು" ಅಂದ. ಆ ದಿನದ ದುಡ್ಡಲ್ಲಿ ಅರ್ಧ ಹಿಡಿದುಕೊಂಡರು.

ಆ ಮುಟ್ಟುವ ಕೀಲಿಗಳ ಬಗ್ಗೆ ಒಂದು ಮಾತು ಹೇಳಲೇಬೇಕು, ನಮ್ಮೂರಿನವರಿಗೆ ಇದು ಉಪಯೋಗಕ್ಕೆ ಬರುತ್ತದೆ. ಅವು ಚರ್ಮದ ಪಸೆಯಿಂದ ಕೆಲಸ ಮಾಡುತ್ತವೆ. ನಮ್ಮ ಒಣ ಹವೆಗೆ ಬೆರಳು ಕಾಗದದ ಹಾಗಾಗುತ್ತವೆ. ಗ ಒತ್ತಿದರೆ ಒಮ್ಮೆ ಬರುತ್ತದೆ, ಒಮ್ಮೆ ಬರಲ್ಲ. ಕೊಬ್ಬರಿ ಎಣ್ಣೆ ಹಚ್ಚಿದೆ, ಇನ್ನೂ ಕೆಟ್ಟಿತು. ಎಣ್ಣೆ ಅಡ್ಡ ನಿಲ್ಲುತ್ತದೆ. ಕಡೆಗೆ ಕೆಲಸಕ್ಕೆ ಬಂದದ್ದು ಮಕ್ಕಳ ಮೈಗೆ ಹಚ್ಚುವ ತೆಳು ಲೋಷನ್, ಜೊತೆಗೆ ಜೇಬಿನಲ್ಲಿ ಒಂದು ಒದ್ದೆ ಕರ್ಚೀಫು. ಸೆನ್ಸಿಟಿವಿಟಿ ಏರಿಸುವ ಸೆಟ್ಟಿಂಗ್ ಇರುತ್ತದೆ, ಅದನ್ನೂ ನೋಡಿ. ತೀರಾ ಏರಿಸಿದರೆ ಬೆರಳು ಹತ್ತಿರ ಬಂದರೇ ಸ್ವರ ಹಾರುತ್ತದೆ, ಹುಷಾರು.

ಲ್ಯಾಪ್‌ಟಾಪ್ ಬಿಟ್ಟು ಮೊಬೈಲ್‌ಗೆ ವಾದ್ಯ ಜೋಡಿಸುವ ಒಟಿಜಿ ಕೇಬಲ್ ಹಾಕಿ ನೋಡಿದೆ. ಶಬ್ದ ಕೊಡುವ ಆಪ್ ಚೆನ್ನಾಗಿಯೇ ಇತ್ತು. ಬುದ್ಧಿವಂತಿಕೆ ಮಾಡಲು ಹೋಗಿ ಬ್ಲೂಟೂತ್ ಸ್ಪೀಕರ್ ಜೋಡಿಸಿದೆ. ಊದಿದ್ದು ಒಂದು ಗಳಿಗೆ ಆದ ಮೇಲೆ ಕೇಳುತ್ತದೆ. ತಬಲಾದ ಕಾಕಾ ಎರಡು ಆವರ್ತ ಸಹಿಸಿಕೊಂಡು, ಕೈ ನಿಲ್ಲಿಸಿ, "ನೀನು ನಾಳೆ ಊದಪ್ಪ, ನಾವು ಇವತ್ತೇ ಮುಗಿಸ್ತೀವಿ" ಅಂದರು. ವೈರ್ ಹಾಕಿ. ಯಾರು ಏನೇ ಹೇಳಲಿ, ವೈರೇ ಹಾಕಿ.

ಅದನ್ನು 14,000ಕ್ಕೆ ಮಾರಿದೆ. ಚೀಟಿ ಎತ್ತಿದ್ದು 40,000 ಬಂತು, ಮೇಲೆ ಹದಿನೈದು ಸಾವಿರದಷ್ಟು ಸೇರಿಸಿ ಎರಡನೆಯದನ್ನು ತಂದೆ. ಶಬ್ದ ಒಳಗೇ ಇರುವುದು, ಒತ್ತುವ ಕೀಲಿ, ಬ್ಯಾಟರಿ, ಸಣ್ಣ ಸ್ಪೀಕರ್ ಕೂಡ ಅದರಲ್ಲೇ. ಮನೆಯಲ್ಲಿ ರೇಟು ಹೇಳಲಿಲ್ಲ. ಈಗಲೂ ಹೇಳಿಲ್ಲ.

ಇದಾದ ಮೇಲೆ ನಿಜವಾದ ಸೋಲು. ವಾದ್ಯ ಸರಿ ಇತ್ತು, ಕೈಯೂ ಸರಿ ಇತ್ತು, ಸಂಗೀತ ಬರಲಿಲ್ಲ. ಪೆಟ್ಟಿಗೆ ಮಾಸ್ತರು ರಿಹರ್ಸಲ್‌ನಲ್ಲಿ ಕೇಳಿ, "ಇದು ಊದುವ ಪೆಟ್ಟಿಗೆ ಆಯ್ತಲ್ಲೋ. ಹಂಗಾದ್ರೆ ನಾನ್ಯಾಕೆ, ನೀನ್ಯಾಕೆ?" ಅಂದರು. ಮಾತು ಚುಚ್ಚಿತು, ಯಾಕೆಂದರೆ ನಿಜ. ಗದಿಂದ ಮಕ್ಕೆ ಹೋಗುವಾಗ ಮೆಟ್ಟಿಲು ಹತ್ತಿದ ಹಾಗೆ ಟಕ್ ಅಂತ ಹಾರುತ್ತಿತ್ತು. ಜಾರು ಇಲ್ಲ. ನಾನೂ ಬಿಡಲಿಲ್ಲ. "ಗುರುಗಳೇ, ನಿಮ್ಮ ಪೆಟ್ಟಿಗೇನೂ ಹೊರದೇಶದಿಂದ ಬಂದದ್ದೇ. ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಬರಲ್ಲ ಅಂತ ಆಕಾಶವಾಣಿಯವರು 1940ರಿಂದ 1971ರವರೆಗೆ ಅದನ್ನ ಹೊರಗಿಟ್ಟಿದ್ದರು" ಅಂದೆ. ಅವರು ಒಂದು ವಾರ ಮಾತಾಡಲಿಲ್ಲ. ಆಟದ ಸಾಮಾನು ಅಂತ ನಗುವವರಿಗೆ ಇನ್ನೊಂದು ಮಾತು. ಅಮೆರಿಕದಲ್ಲಿ ಲಿರಿಕಾನ್ ಎಂಬ ಊದುವ ಎಲೆಕ್ಟ್ರಾನಿಕ್ ವಾದ್ಯ ಬಂದದ್ದೇ 1970ರ ದಶಕದಲ್ಲಿ. ನೈಲ್ ಸ್ಟೈನರ್ ಎಂಬವರು ಮಾಡಿದ ಇಂಥದ್ದೇ ವಾದ್ಯವನ್ನು ಅಕಾಯ್ ಕಂಪನಿ 1987ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಮೈಕಲ್ ಬ್ರೆಕರ್‌ನಂಥ ದೊಡ್ಡ ಸ್ಯಾಕ್ಸ್ ವಾದಕರೇ ಇದನ್ನು ನುಡಿಸಿದರು. ಸ್ಯಾಕ್ಸೊಫೋನ್‌ನಲ್ಲಿ ಗಮಕ ಬರುತ್ತದೆ ಅಂತ ಕದ್ರಿ ಗೋಪಾಲನಾಥರು ತೋರಿಸುವ ತನಕ ಅದೂ ಮಿಲಿಟರಿ ಬ್ಯಾಂಡಿನ ಕೊಳವೆಯೇ ಆಗಿತ್ತಲ್ವಾ?

ವಾದದಲ್ಲಿ ಗೆದ್ದರೆ ಗಮಕ ಬರುತ್ತದಾ? ಇಲ್ಲ.

ಮೊದಲು ಎಲ್ಲರೂ ಮಾಡುವ ತಪ್ಪು ನಾನೂ ಮಾಡಿದೆ, ಸ್ವರಗಳನ್ನು ತಾನೇ ಜಾರಿಸುವ ಪೋರ್ಟಮೆಂಟೊ ಸೆಟ್ಟಿಂಗ್ ಆನ್ ಮಾಡಿದೆ. ಎಲ್ಲ ಸ್ವರವೂ ಜಾರಿದವು. ಬೇಕಾದದ್ದೂ ಜಾರಿತು, ಬೇಡದ್ದೂ ಜಾರಿತು. ಕುಡಿದವನು ಆಲಾಪ ಮಾಡಿದ ಹಾಗಿತ್ತು. ಅದನ್ನು ಆಫ್ ಮಾಡಿ. ಆಮೇಲೆ ಬೆಂಡ್, ಅಂದರೆ ಹಿಡಿದ ಸ್ವರವನ್ನೇ ಮೇಲೆ ಕೆಳಗೆ ಬಾಗಿಸುವುದು. ಕಂಪನಿಯಿಂದ ಬರುವಾಗ ಸಾಮಾನ್ಯವಾಗಿ ಮೇಲೆ ಎರಡು, ಕೆಳಗೆ ಎರಡು ಅರ್ಧಸ್ವರಕ್ಕೆ ಇಟ್ಟಿರುತ್ತಾರೆ. ನಾನು ಆಸೆಗೆ ಬಿದ್ದು ಹನ್ನೆರಡಕ್ಕೆ ಇಟ್ಟೆ. ತುಟಿ ಕೂದಲೆಳೆಯಷ್ಟು ಅಲುಗಿದರೂ ಸ್ವರ ಬೇರೆ ಊರಿಗೆ ಹೋಗುತ್ತಿತ್ತು. ವಾಪಸ್ ಎರಡಕ್ಕೆ ಬಂದೆ. ಈಗ ಹೆಬ್ಬೆರಳಿಗೆ ಒಂದು ಲೆಕ್ಕ, ತುಟಿಗೆ ಇನ್ನೊಂದು ಲೆಕ್ಕ. ತುಟಿಗೆ ಎಷ್ಟು ಅಂತ ಹೇಳಲ್ಲ. ಅದು ಆರು ತಿಂಗಳ ಕೂಲಿ.

ಆದರೆ ದಾರಿ ಹೇಳುತ್ತೇನೆ. ಕೀಲಿ ಬದಲಿಸದೆ ಗಮಕ ಹುಡುಕಿ. ಗ ಹಿಡಿದೇ ಇರಿ, ಮ ಮುಟ್ಟಿ ಬರುವುದನ್ನು ಹೆಬ್ಬೆರಳಿನ ಬೆಂಡ್‌ನಲ್ಲಿ ಮಾಡಿ. ಮೇಲಿಂದ ಇಳಿಯುವಾಗ ತುಟಿ ಸಡಿಲಿಸಿ. ಕೀಲಿ ಬದಲಿಸಲೇಬೇಕಾದ ಕಡೆ, ಬದಲಿಸುವ ಆ ಕ್ಷಣಕ್ಕೆ ಉಸಿರನ್ನು ಸ್ವಲ್ಪ ತಗ್ಗಿಸಿ. ಕಿವಿಗೆ ಮೆಟ್ಟಿಲು ಕಾಣಿಸಲ್ಲ. ಹೊಸ ಸ್ವರಕ್ಕೆ ಮತ್ತೆ ಗುದ್ದು ಬೀಳದಂತೆ ಮೋನೋ (ಒಂದು ಸಲಕ್ಕೆ ಒಂದೇ ಸ್ವರ), ಲೆಗಾಟೋ (ಸ್ವರಗಳನ್ನು ಕೂಡಿಸಿ ನುಡಿಸುವುದು) ಎರಡೂ ಆನ್ ಇರಲಿ. ತೋಡಿ ರಾಗದ ಗಾಂಧಾರಕ್ಕೆ ನನಗೆ ನಾಲ್ಕು ತಿಂಗಳು ಬೇಕಾಯಿತು. ಇನ್ನೂ ಪೂರ್ತಿ ಬಂದಿಲ್ಲ ಅನ್ನಿ, ಆದರೆ ನಾಟಕದ ಹಾಡಿಗೆ ಸಾಕು.

ಇನ್ನೊಂದು ಉಸಿರು. ಕ್ಲಾರಿಯೋನೆಟ್ ಊದಿದವನು ಎದೆ ತುಂಬಾ ಊದುತ್ತಾನೆ. ಇಲ್ಲಿ ರೀಡಿನ ತಡೆ ಇಲ್ಲ, ಗಾಳಿಗೆ ಹೋಗಲು ಜಾಗವೂ ಕಡಿಮೆ. ಮೊದಲ ತಿಂಗಳು ತಲೆ ಸುತ್ತುತ್ತಿತ್ತು. ತುಟಿಯ ಎರಡೂ ಮೂಲೆಯಿಂದ ಗಾಳಿ ಸೋರಲು ಬಿಡಬೇಕು ಅಂತ ಗೊತ್ತಾದದ್ದು ತಡವಾಗಿ. ಊದುವುದನ್ನು ಅರ್ಧಕ್ಕಿಂತ ಕಮ್ಮಿ ಮಾಡಿದೆ. ಆಗ ಅದು ಹಾಡತೊಡಗಿತು.

ಶಹನಾಯಿ ಶಬ್ದವನ್ನು ನಾನೇ ಕಟ್ಟಿಕೊಂಡಿದ್ದೇನೆ. ಓಬೋ ಶಬ್ದ ತೆಗೆದುಕೊಳ್ಳಿ, ಅದೂ ಎರಡು ಪಟ್ಟಿಯ ರೀಡಿನದೇ. ಉಸಿರು ಜಾಸ್ತಿಯಾದಂತೆ ಶಬ್ದದ ಹೊಳಪು ಹೆಚ್ಚಿಸುವ ಫಿಲ್ಟರ್ ತೆರೆದುಕೊಳ್ಳಬೇಕು, ವಾಲ್ಯೂಮ್ ಮಾತ್ರ ಏರಿದರೆ ಸಾಲದು. ಮೈಕಿನಲ್ಲಿ ಕೇಳಿದವರು ಶಹನಾಯಿ ಅಂದುಕೊಂಡೇ ಊಟಕ್ಕೆ ಕೂರುತ್ತಾರೆ. ಅದರ ಮೇಲೆ ಇನ್ನೊಂದು ಪದರ ಹಾಕುತ್ತೇನೆ. ಯಾವುದು ಅಂತ ಕೇಳಬೇಡಿ.

ಸುಮ್ನೆ ಮಾಡಿದ ಪ್ರಯೋಗಗಳೂ ಇವೆ. ವೀಣೆ ಶಬ್ದ ಹಾಕಿ ಊದಿದೆ, ದಂಡ. ಮೀಟಿದ ಶಬ್ದ ತಾನೇ ಸಾಯುತ್ತದೆ, ಉಸಿರು ಕೊಟ್ಟರೂ ಬದುಕಲ್ಲ. ಪಿಟೀಲು ಚೆನ್ನಾಗಿ ಒಗ್ಗಿತು, ಕಮಾನಿನ ಕೆಲಸ ಉಸಿರು ಮಾಡುತ್ತದೆ. ಒಂದು ಸ್ವರಕ್ಕೆ ಇನ್ನೊಂದು ಸ್ವರ ಜೋಡಿಸುವ ಸೌಲಭ್ಯ ಇದೆಯಲ್ಲ, ಅದು ಮೋಹಕ್ಕೆ ಬೀಳಿಸುತ್ತದೆ. ಆದರೆ ಅಂತರ ಒಂದೇ ಇರುವುದರಿಂದ ಎರಡು ಸ್ವರ ದಾಟುವಷ್ಟರಲ್ಲಿ ಜೊತೆಗಾರ ರಾಗದ ಹೊರಗೆ ನಿಂತಿರುತ್ತಾನೆ. ಮೆರವಣಿಗೆ ಹಾಡಿಗೆ ನಡೆಯುತ್ತದೆ, ವಚನಕ್ಕೆ ಹಾಕಬೇಡಿ.

ರಾತ್ರಿ ರಿಯಾಜ್ ಮಾಡಲು ಇದರಂಥದ್ದು ಇಲ್ಲ. ಹೆಡ್‌ಫೋನ್ ಹಾಕಿಕೊಂಡು ನಡುರಾತ್ರಿ ಒಂದು ಗಂಟೆಯವರೆಗೂ ಕೂರುತ್ತೇನೆ. ಹೊರಗೆ ಕೇಳುವುದು ಕೀಲಿಯ ಟಕಟಕ ಮತ್ತು ಬುಸ್ ಅನ್ನುವ ಉಸಿರು ಮಾತ್ರ. ಪಕ್ಕದ ಮನೆಯಲ್ಲಿ ಜೀನ್ಸ್ ಹೊಲಿಯುತ್ತಾರೆ. ಆ ಮನೆಯ ಅಕ್ಕ ಒಂದಿನ, "ಏನಣ್ಣಾ, ರಾತ್ರಿಯೆಲ್ಲ ಟೈಪಿಂಗಾ?" ಅಂತ ಕೇಳಿದರು. ಅವರಲ್ಲೇ ಉಳಿಕೆ ಜೀನ್ಸ್ ಬಟ್ಟೆಯಲ್ಲಿ ವಾದ್ಯಕ್ಕೆ ಚೀಲ ಹೊಲಿಸಿದೆ, ಒಳಗೆ ಸ್ಪಂಜು. ಇನ್ನೂರೈವತ್ತು ರೂಪಾಯಿ. ಅಂಗಡಿಯ ಚೀಲಕ್ಕೆ ನಾಲ್ಕು ಸಾವಿರ ಹೇಳಿದ್ದರು!

ಎಂಜಲು ನೀರಿನ ವಿಷಯ ಯಾರೂ ಬರೆಯಲ್ಲ. ಉಸಿರಿನ ಹಸಿ ಕೆಳಗೆ ತೊಟ್ಟಿಕ್ಕುತ್ತದೆ. ಒಮ್ಮೆ ಸೌಂಡ್ ಮಿಕ್ಸರ್ ಮೇಲೆ ಬಿತ್ತು, ಸೌಂಡಿನವನು ಹೊಡೆಯಲು ಬಂದ. ಈಗ ತುದಿಗೆ ಹಳೆ ಬನಿಯನ್ ತುಂಡು ಕಟ್ಟುತ್ತೇನೆ.

ಸಿರುಗುಪ್ಪದ ಆ ರಾತ್ರಿಗೆ ಬರುತ್ತೇನೆ. ಹದಿನಾಲ್ಕೋ ಹದಿನೈದೋ ಹಾಡು, ಐದು ಶ್ರುತಿ. ಬಿಳಿ ಒಂದು ಮುಗಿಸಿ ಮೂರು ಮೆಟ್ಟಿಲು ಇಳಿದೆ, ಅಕ್ಕ ಬಂದರು, ಬೆರಳು ಅದೇ ಜಾಗದಲ್ಲಿ. ಎರಡನೇ ಅಂಕದಲ್ಲಿ ಒಂದು ಶೋಕದ ಹಾಡು. ಅಕ್ಕ ಗಾಂಧಾರ ಹಿಡಿದು ನಿಂತರು, ನಾನು ಹೆಬ್ಬೆರಳಿನಲ್ಲಿ ಅದರ ಹಿಂದೆ ಹೋದೆ. ಪೆಟ್ಟಿಗೆ ಮಾಸ್ತರು ಬರೀ ಷಡ್ಜ ಒತ್ತಿ ಕೈ ನಿಲ್ಲಿಸಿ ನನಗೆ ಜಾಗ ಬಿಟ್ಟುಕೊಟ್ಟರು. ಆಯೇರಿ, ಅಂದರೆ ಜನ ಮೆಚ್ಚಿ ಕೊಡುವ ದುಡ್ಡು, ಬಂದವು. ಅಕ್ಕನಿಗೇ ಜಾಸ್ತಿ, ನನಗೂ ನೂರರ ಎರಡು ನೋಟು. ನಡುವೆ ಕರೆಂಟ್ ಹೋಗಿ ಜನರೇಟರ್ ಶುರುವಾಗುವ ತನಕ ಒಳಗಿನ ಸ್ಪೀಕರ್‌ನಲ್ಲೇ ಊದಿದೆ. ಮುಂದಿನ ನಾಲ್ಕು ಸಾಲಿಗೆ ಕೇಳಿಸಿರಬಹುದು, ಅಷ್ಟೇ. ಆ ಹೊತ್ತಿನಲ್ಲಿ ಅಪ್ಪನ ಕ್ಲಾರಿಯೋನೆಟ್ ಇದ್ದಿದ್ದರೆ ಕಡೆಯ ಸಾಲಿಗೂ ಮುಟ್ಟುತ್ತಿತ್ತು, ಅದನ್ನು ಒಪ್ಪಿಕೊಳ್ಳಬೇಕು.

ದುಡ್ಡಿನ ಲೆಕ್ಕ ಬಾಯಿಲೆಕ್ಕವೇ. ನಾಟಕಕ್ಕೆ ಮೊದಲು 1,800 ಕೊಡುತ್ತಿದ್ದರು, ಈಗ 2,500. ಕ್ಲಾರಿಯೋನೆಟ್, ಕೊಳಲು, ಶಹನಾಯಿ ಮೂರೂ ಒಬ್ಬನೇ ಮುಗಿಸುತ್ತೇನೆ ಅಂತ. ಮದುವೆಗೆ 3,500ರ ಮೇಲೆ. ಎರಡನೇ ವಾದ್ಯದ ದುಡ್ಡು ಒಂದೂವರೆ ವರ್ಷಕ್ಕೆ ಬಂತು. ಮೊದಲನೆಯದರಲ್ಲಿ ಹೋದದ್ದು ಹೋಯಿತು. ಬ್ಯಾಟರಿಗೆ ಚಾರ್ಜ್ ಆಗುವ ಸೆಲ್ಲು ಎರಡು ಸೆಟ್ ಇಟ್ಟುಕೊಳ್ಳಿ, ಒಂದು ಸೆಟ್ ನಂಬಿ ಬೆಳಗಿನ ತನಕದ ನಾಟಕಕ್ಕೆ ಹೋಗಬೇಡಿ.

ಮುಹೂರ್ತದ ಹೊತ್ತಿಗೆ ಮಾತ್ರ ಇದನ್ನು ಈಗಲೂ ಕೆಳಗಿಡುತ್ತೇನೆ. ತಾಳಿ ಕಟ್ಟುವಾಗ ಹಿರಿಯರಿಗೆ ಗಾಳಿ ಊದಿದ್ದೇ ಬೇಕು, ನನಗೂ ಹಾಗೇ ಅನ್ನಿಸುತ್ತದೆ. ಹೋದ ವಾರ ಪೆಟ್ಟಿಗೆ ಮಾಸ್ತರು ಫೋನ್ ಮಾಡಿದ್ದರು. ಕುರುಗೋಡು ಕಡೆ ಎರಡು ನಾಟಕ ಹಿಡಿದಿದ್ದಾರಂತೆ. "ಆ ರಿಮೋಟ್ ತಗಂಡು ಬಾ" ಅಂದರು. ಆಮೇಲೆ ಒಂದು ನಿಮಿಷ ಸುಮ್ಮನಿದ್ದು, ಅದರಲ್ಲಿ ಪೆಟ್ಟಿಗೆ ಶಬ್ದವೂ ಇದೆಯಾ ಅಂತ ಕೇಳಿದರು. ಇಲ್ಲ ಅಂದೆ.

ಇದೆ.