ಮೊದಲ ಧಾರೆಯೇ ಬೇಕಿತ್ತು

"ನಂಗೆ ಕ್ಲಮಿಡಿಯಾ ಇದೆಯಂತೆ. ನೀನೂ ಟೆಸ್ಟ್ ಮಾಡಿಸ್ಕೋ" ಎಂದು ಅವಳು ಫೋನಿನಲ್ಲಿ ಹೇಳಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಉರಿ ಇಲ್ಲ, ಕೀವಿಲ್ಲ, ನೋವಿಲ್ಲ. ಸುಮ್ನೆ ಯಾಕೆ ಹೋಗಬೇಕು? ಆಮೇಲೆ ಓದಿ ನೋಡಿದೆ. ಲೈಂಗಿಕ ಸಂಪರ್ಕದಿಂದ ಹರಡುವ ಈ ಸೋಂಕು ತಗಲಿದವರಲ್ಲಿ ತುಂಬಾ ಜನರಿಗೆ ಏನೂ ಗೊತ್ತಾಗುವುದೇ ಇಲ್ಲ. ಹೆಂಗಸರಲ್ಲಿ ಹಾಗೇ ಬಿಟ್ಟರೆ ಮುಂದೆ ಮಕ್ಕಳಾಗುವುದಕ್ಕೇ ತೊಂದರೆಯಾಗಬಹುದು. ಮರುದಿನವೇ ಹೋದೆ.

ಕೌಂಟರಿನಲ್ಲಿ ಪಿಸುಗುಟ್ಟಿದೆ. "ಕೇಳಿಸ್ತಿಲ್ಲ ಸರ್, ಯಾವ ಟೆಸ್ಟು?" ಹಿಂದೆ ನಾಲ್ಕು ಜನ ನಿಂತಿದ್ದರು. ಟೆಸ್ಟಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಬೇಕಿತ್ತು.

ಡಾಕ್ಟರು ಮುಖ ನೋಡದೆ, ಬರೆದುಕೊಳ್ಳುತ್ತಲೇ ಕೇಳಿದರು: ಕೊನೆಯ ಸಲ ಸೇರಿ ಎಷ್ಟು ದಿನ ಆಯ್ತು? ಬಾಯಿಂದಲೂ ಇತ್ತಾ? ನಾಚಿಕೆಗೆ ಸುಳ್ಳು ಹೇಳಬೇಡಿ. ಎರಡು ವಾರ ಆಗುವ ಮೊದಲೇ ಹೋದರೆ ಸೋಂಕಿದ್ದೂ ಕಾಣದೆ ಹೋಗಬಹುದು. ಗಂಟಲಲ್ಲಿದ್ದರೆ ಮೂತ್ರದಲ್ಲಿ ತಿಳಿಯುವುದಿಲ್ಲ, ಅದಕ್ಕೆ ಬೇರೆಯೇ ಹತ್ತಿಕಡ್ಡಿ ಹಾಕಿ ತೆಗೆಯಬೇಕು. ಎಚ್‌ಐವಿ, ಸಿಫಿಲಿಸ್‌ಗೆಂದು ರಕ್ತವನ್ನೂ ತೆಗೆದುಕೊಂಡರು.

ನಾನು ಎಡವಿದ್ದು ಡಬ್ಬಿಯ ವಿಷಯದಲ್ಲಿ. ಯೂರಿನ್ ಟೆಸ್ಟ್ ಅಂದರೆ ಸ್ವಲ್ಪ ಬಿಟ್ಟು, ನಡುವಿನದನ್ನು ಹಿಡಿಯುವುದು ಅಂತಲೇ ನನಗೆ ಗೊತ್ತಿದ್ದದ್ದು. ಕತ್ತಿನವರೆಗೆ ತುಂಬಿಸಿ ಹೆಮ್ಮೆಯಿಂದ ತಂದೆ. "ಮೊದಲು ಬಂದದ್ದನ್ನೇ ಹಿಡಿದ್ರಾ?" ಎಂದು ಕೇಳಿದ ನರ್ಸ್, ಉತ್ತರ ಕೇಳಿ ಡಬ್ಬಿಯನ್ನು ಹಾಗೇ ಸಿಂಕಿಗೆ ಬಗ್ಗಿಸಿದರು. ರೋಗಾಣು ಕೂತಿರುವುದು ಮೂತ್ರನಾಳದ ಗೋಡೆಯಲ್ಲಿ. ಅದನ್ನು ತೊಳೆದುಕೊಂಡು ಬರುವುದು ಮೊದಲ ಧಾರೆ. ಅದೇ ಬೇಕು, 20–30 ಎಂಎಲ್ ಸಾಕು, ಜಾಸ್ತಿಯಾದರೆ ತೆಳುವಾಗುತ್ತದೆ. ಅದಕ್ಕೆ ಮುಂಚೆ ಕನಿಷ್ಠ ಒಂದು ಗಂಟೆ ಮೂತ್ರ ಮಾಡಿರಬಾರದು. ಸರಿ, ಇನ್ನೊಂದು ಗಂಟೆ ಬೆಂಚಿನ ಮೇಲೆ ಕೂತೆ. (ಅವಳಿಗೆ ಈ ಫಜೀತಿ ಇರಲಿಲ್ಲ. ಯೋನಿಯಿಂದ ತಾನೇ ಹತ್ತಿಕಡ್ಡಿಯಲ್ಲಿ ತೆಗೆದುಕೊಟ್ಟಿದ್ದಳು.)

ಮೂರನೇ ದಿನ ಪಾಸಿಟಿವ್ ಅಂತ ಬಂತು. ಡಾಕ್ಸಿಸೈಕ್ಲಿನ್ 100 ಎಂಜಿ, ದಿನಕ್ಕೆರಡು, 7 ದಿನ. ಮಾತ್ರೆ ಮುಗಿಯುವವರೆಗೆ ಯಾರ ಜೊತೆಗೂ ಸೇರುವಂತಿಲ್ಲ. ಒಂದು ರಾತ್ರಿ ಮಾತ್ರೆಯನ್ನು ಒಂದು ಗುಟುಕು ನೀರಲ್ಲಿ ನುಂಗಿ ಮಲಗಿಬಿಟ್ಟೆ. ಎದೆಯೊಳಗೆ ಕೆಂಡ ಇಟ್ಟಂತಾಯಿತು. ಲೋಟದ ತುಂಬಾ ನೀರು ಕುಡಿದು ಅರ್ಧ ಗಂಟೆಯಾದರೂ ಕೂತಿರಬೇಕು ಎಂದು ಚೀಟಿಯಲ್ಲೇ ಇತ್ತು, ನಾನು ಓದಿರಲಿಲ್ಲ ಅಷ್ಟೇ.

ಮಾತ್ರೆಗಿಂತ ಕಷ್ಟವಾದದ್ದು ಇನ್ನೊಬ್ಬರಿಗೆ ಹೇಳುವುದು. ಎರಡು ತಿಂಗಳೊಳಗೆ ನನ್ನ ಜೊತೆಗಿದ್ದವರು ಅವರು. ಉದ್ದುದ್ದ ಬರೆದು ಅಳಿಸಿ, ಕೊನೆಗೆ ಕಳಿಸಿದ್ದು ಇಷ್ಟು: "ನನಗೆ ಕ್ಲಮಿಡಿಯಾ ಪಾಸಿಟಿವ್ ಬಂದಿದೆ. ದಯವಿಟ್ಟು ಟೆಸ್ಟ್ ಮಾಡಿಸಿಕೊಳ್ಳಿ. ಮಾತ್ರೆಯಲ್ಲಿ ವಾಸಿಯಾಗುತ್ತದೆ." ಬಂದ ಉತ್ತರ ಒಂದೇ ಪದ, "ಸರಿ".

ವಾಸಿಯಾಯಿತಾ ಎಂದು ಮುಂದಿನ ವಾರವೇ ನೋಡಬೇಕೆನಿಸಿತು. ಡಾಕ್ಟರು ಬೇಡವೆಂದರು. ಸತ್ತ ರೋಗಾಣುವಿನ ಚೂರುಗಳೂ ಕೆಲವು ವಾರ ಪಾಸಿಟಿವ್ ತೋರಿಸುತ್ತವಂತೆ. ಆದರೆ ಮತ್ತೆ ತಗಲುವುದು ಮಾಮೂಲಿ, ಹಾಗಾಗಿ ಮೂರು ತಿಂಗಳಿಗೆ ಬನ್ನಿ ಎಂದರು. ಹೋದೆ. ಈ ಸಲ ಜೇಬಲ್ಲಿ ಚೀಟಿ ಇತ್ತು, ಹೊಟ್ಟೆಯಡಿ ಎರಡು ಗಂಟೆ ತಡೆದುಕೊಂಡದ್ದೂ ಇತ್ತು. ಕೌಂಟರಿನ ಹುಡುಗಿ ಚೀಟಿ ಓದಿ, ಏನೂ ಕೇಳದೆ ಡಬ್ಬಿ ಕೊಟ್ಟಳು.