ಹೊಸ ರೂಟರ್ ತರದೆ ಹ್ಯಾಂಗ್ ಕಾಟ ಬಿಡಿಸಿದ್ದು: ನನ್ನ ಅನುಭವ

ನಮ್ಮ ಕೋರ್ ರೂಟರ್, ಅಂದರೆ ಗ್ರಾಹಕರೆಲ್ಲರ ನೆಟ್ ಹಾದು ಹೋಗುವ ಮುಖ್ಯ ಬಾಕ್ಸ್, ಪದೇ ಪದೇ ಹ್ಯಾಂಗ್ ಆಗುತ್ತಿತ್ತು. ಹೊಸ ಬಾಕ್ಸ್ ತರದೆ ಇದು ಸರಿ ಹೋಗಲ್ಲ ಎಂದು ದಾವಣಗೆರೆಯಲ್ಲಿ ನೆಟ್ ಕೊಡುವ ನಮ್ಮವರೆಲ್ಲ ಹೇಳಿದ್ದರು. ಕೊಟೇಶನ್ನೂ ಬಂದಿತ್ತು, ಹೆಚ್ಚೂಕಮ್ಮಿ ಒಂದೂ ಮುಕ್ಕಾಲು ಲಕ್ಷ, ಜಿಎಸ್‌ಟಿ ಬೇರೆ. ಈಗ ಎರಡು ಮಳೆಗಾಲ ಕಳೆದಿವೆ. ಅದೇ ಹಳೇ ಕೋರ್ ರೂಟರ್ ಓಡುತ್ತಿದೆ, ತಾನಾಗಿ ಬಿದ್ದಿಲ್ಲ.

ಸಂಜೆ ಏಳರ ಮೇಲೆ, ವಿದ್ಯಾನಗರ, ನಿಟುವಳ್ಳಿ ಕಡೆ ಜನ ಮನೆಗೆ ಬಂದು ಟಿವಿ ಹಚ್ಚುವ ಹೊತ್ತಿಗೆ ಸರಿಯಾಗಿ ಇದು ಮಂಕಾಗುತ್ತಿತ್ತು. ಲಿಂಕ್ ಲೈಟ್ ಹಸಿರೇ, ಪಿಂಗ್ ಮಾಡಿದರೆ (ಇದ್ದೀಯಾ ಎಂದು ಕೇಳಿದರೆ) ಮಾತ್ರ ಉತ್ತರ ಇಲ್ಲ. ಆಫ್ ಮಾಡಿ ಆನ್ ಮಾಡಿದರೆ ಸರಿ. ಅಷ್ಟರಲ್ಲಿ 'ಅಣ್ಣಾ, ನೆಟ್ ಹೋತಲ್ಲ' ಎಂದು ಫೋನ್ ಮೇಲೆ ಫೋನ್. ಪವರ್ ಸಪ್ಲೈ ಬದಲಾಯಿಸಿದೆ, ಫೈಬರ್ ಸಿಕ್ಕಿಸುವ ಎಸ್‌ಎಫ್‌ಪಿ ಮಾಡ್ಯೂಲ್ ಬದಲಾಯಿಸಿದೆ, ಫ್ಯಾನ್ ಕೂಡ. ಕೊನೆಗೆ ಬ್ಯಾಂಡ್‌ವಿಡ್ತ್ ಸಾಲುತ್ತಿಲ್ಲವೇನೋ ಎಂದು ತಿಂಗಳಿಗೆ ಹನ್ನೆರಡು ಸಾವಿರದಷ್ಟು ಜಾಸ್ತಿ ಕಟ್ಟಿ ಅದನ್ನೂ ಏರಿಸಿದ್ದಾಯಿತು. ಎಲ್ಲ ನೀರಿಗೆ ಹೋಯಿತು.

ಬರುವ ಪ್ಯಾಕೆಟ್ ಒಂದೊಂದನ್ನೂ ತೋರಿಸುವ ಸ್ನಿಫರ್ ಹಾಕಿ ಕೂತಾಗ ಗೊತ್ತಾಯಿತು. ಗ್ರಾಹಕರ ಟ್ರಾಫಿಕ್ಕಿಗೂ ಇದಕ್ಕೂ ಸಂಬಂಧವೇ ಇಲ್ಲ, ರೂಟರ್‌ನ ಸ್ವಂತ ಐಪಿಗೇ ಕಸ ಬರುತ್ತಿತ್ತು. ಪ್ರತಿ ಸಲ ಬಂದಾಗಲೂ ಮೆಮೊರಿ ಸ್ವಲ್ಪ ಏರುತ್ತಿತ್ತು, ಏರಿದ್ದು ಇಳಿಯುತ್ತಿರಲಿಲ್ಲ. ಬಂದ ಟ್ರಾಫಿಕ್ ನೋಡಿದರೆ ಏನೂ ಇಲ್ಲ, ಒಂದು ಎಂಬಿ ಕೂಡ ಇರಲಿಲ್ಲ.

ಇಷ್ಟು ಕಡಿಮೆಗೆ ರೂಟರ್ ಬೀಳುತ್ತಾ ಎಂದು ನಮ್ಮ ಗೆಳೆಯರು ನಕ್ಕರು. ಅವರಿಗೆ ತೋರಿಸಲೆಂದೇ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಎರಡು ಸಾವಿರದೊಳಗೆ ಒಂದು ಗುಜರಿ ಸಿಸ್ಕೊ ರೂಟರ್ ತಂದೆ, ಒಳಗೆ 2003ಕ್ಕಿಂತ ಹಳೇ ಐಒಎಸ್ (ಸಿಸ್ಕೊದವರದೇ ಸಾಫ್ಟ್‌ವೇರ್). ಆ ವರ್ಷ ಜುಲೈನಲ್ಲಿ ಸಿಸ್ಕೊ ಒಂದು ದೊಡ್ಡ ಎಚ್ಚರಿಕೆ ಕೊಟ್ಟಿತ್ತು, ಪ್ರೋಟೋಕಾಲ್ (ಪ್ಯಾಕೆಟ್ ಯಾವ ಬಗೆಯದು ಎಂದು ಹೇಳುವ ನಂಬರ್) 53, 55, 77, 103ರ ಪ್ಯಾಕೆಟ್ ರೂಟರಿಗೇ ಬಂದರೆ ಇನ್‌ಪುಟ್ ಕ್ಯೂನಲ್ಲೇ, ಅಂದರೆ ಒಳಬರುವ ಸಾಲಿನಲ್ಲೇ, ಸಿಕ್ಕಿಕೊಳ್ಳುತ್ತವೆ ಎಂದು. ಲ್ಯಾಪ್‌ಟಾಪ್‌ನಿಂದ ನೇರ ಕೇಬಲ್ ಹಾಕಿ, ಟಿಟಿಎಲ್ (ಪ್ಯಾಕೆಟ್ ಎಷ್ಟು ರೂಟರ್ ದಾಟಬಹುದು ಎಂಬ ಎಣಿಕೆ) 1 ಇಟ್ಟು, 55ರದ್ದು ನಿಧಾನಕ್ಕೆ ಬಿಟ್ಟೆ. ಶೋ ಇಂಟರ್‌ಫೇಸ್ ಹೊಡೆದಾಗಲೆಲ್ಲ ಇನ್‌ಪುಟ್ ಕ್ಯೂ ಏರುತ್ತಿತ್ತು, 40/75, 61/75, ಕೊನೆಗೆ 76/75 (75 ಅದರ ಮಿತಿ). ಅಲ್ಲಿಗೆ ಪೋರ್ಟ್ ಸತ್ತಿತು. ಸಿಪಿಯು ತಣ್ಣಗಿದೆ, ಲಾಗ್‌ನಲ್ಲಿ ಒಂದು ಅಕ್ಷರ ಇಲ್ಲ, ಲೈಟ್ ಹಸಿರು. ನಕ್ಕವರು ಸುಮ್ಮನಾದರು. ಇದರ ಮುಂದೆ ಬ್ಯಾಂಡ್‌ವಿಡ್ತ್ ಏರಿಸಿ ಏನು ಮಾಡೋದು, ಅಲ್ವಾ?

ಹಾಗಾಗಿ ನಮ್ಮ ಕೋರ್ ರೂಟರ್ ಜೊತೆ ಮಾತಾಡಬೇಕಾದವರು ಯಾರು ಎಂದು ಪಟ್ಟಿ ಮಾಡಿದೆ. ಅಪ್‌ಸ್ಟ್ರೀಮ್‌ನ ಬಿಜಿಪಿ ಪೀರ್ (ನಮಗೆ ನೆಟ್ ಕೊಡುವ ಕಂಪನಿಯ ರೂಟರ್), ನಮ್ಮ ಆಫೀಸಿನ ಎರಡು ಐಪಿ, ಗ್ರಾಹಕರ ಲಾಗಿನ್ ನೋಡಿಕೊಳ್ಳುವ ರೇಡಿಯಸ್ ಸರ್ವರ್, ಮುಗೀತು. ಉಳಿದವರ ಪ್ಯಾಕೆಟ್ ರೂಟರ್‌ನ ಐಪಿಗೆ ಬಂದರೆ ಬಾಗಿಲಲ್ಲೇ ಡ್ರಾಪ್. 'ರೂಲ್ ಹಾಕಿದಷ್ಟೂ ಸಿಪಿಯು ತಿನ್ನುತ್ತೆ' ಎಂದವರಿದ್ದಾರೆ. ಫೈರ್‌ವಾಲ್‌ನ ಫಿಲ್ಟರ್ ಟೇಬಲ್‌ನಲ್ಲಿ ಹಾಕಿದರೆ ತಿನ್ನುತ್ತೆ, ನಿಜ, ನನ್ನದೂ ಶೇಕಡಾ ನಲವತ್ತರ ಹತ್ತಿರ ಹೋಗಿತ್ತು. ರೂಟರ್ ಪ್ರತಿ ಕನೆಕ್ಷನ್ನಿನ ಲೆಕ್ಕ ಇಡುವ ಕನೆಕ್ಷನ್ ಟ್ರ್ಯಾಕಿಂಗ್‌ಗೂ ಮೊದಲೇ, ರಾ ಟೇಬಲ್‌ನಲ್ಲಿ ಹಾಕಿದ ಮೇಲೆ ಹನ್ನೆರಡಕ್ಕೆ ಇಳಿಯಿತು. ಐಸಿಎಂಪಿ (ಪಿಂಗ್, ದೋಷದ ಸಂದೇಶಗಳು ಬರುವ ದಾರಿ) ಪೂರ್ತಿ ಮುಚ್ಚಬೇಡಿ, ಎಂಟಿಯು (ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಎಂಬ ಮಿತಿ) ಹೊಂದಾಣಿಕೆ ಕೆಟ್ಟು ಕೆಲವು ಸೈಟ್ ಅರ್ಧ ತೆರೆದು ನಿಲ್ಲುತ್ತವೆ. ಮಿತಿ ಹಾಕಿ ಸಾಕು. ಸೆಕೆಂಡಿಗೆ ಎಷ್ಟು ಎಂಬ ಅಂಕಿ ಮಾತ್ರ ಹೇಳಲ್ಲ, ಅದಕ್ಕೆ ನಿದ್ದೆ ಕೆಟ್ಟವನು ನಾನು.

ಇಷ್ಟಾದರೂ ವಾರಕ್ಕೊಮ್ಮೆ ಬೀಳುತ್ತಲೇ ಇತ್ತು. ಈ ಸಲ ಒಳಗಿನಿಂದ. ಮಂಡಿಪೇಟೆಯ ಒಂದು ಅಂಗಡಿಯ ಸಿಸಿ ಕ್ಯಾಮೆರಾ ಡಿವಿಆರ್ ವೈರಸ್ ಹಿಡಿದು ನಮ್ಮ ಗೇಟ್‌ವೇ ಐಪಿಯನ್ನೇ ಕುಟ್ಟುತ್ತಿತ್ತು. ಎಲ್ಲರೂ ಹೊರಗಿನ ಕಡೆ ಬೀಗ ಹಾಕಿ ಪಿಪಿಪಿಒಇ ಕಡೆ, ಅಂದರೆ ಗ್ರಾಹಕರು ಲಾಗಿನ್ ಆಗಿ ಬರುವ ಕಡೆ, ತೆರೆದಿಡುತ್ತಾರೆ. ಅದೇ ರೂಲನ್ನು ಅಲ್ಲೂ ಹಾಕಿದ ಮೇಲೆ ಬೀಳೋದು ನಿಂತಿತು.

ಸ್ವಿಚ್‌ಗಳನ್ನೂ ಒಂದು ಸುತ್ತು ನೋಡಿದೆ. ಸಿಸ್ಕೊ ಸ್ವಿಚ್ ಇದ್ದವರು ಪೋರ್ಟ್ 4786 ತೆರೆದಿದೆಯಾ ನೋಡಿ. ಅದು ಸ್ಮಾರ್ಟ್ ಇನ್‌ಸ್ಟಾಲ್, ಹೊಸ ಸ್ವಿಚ್‌ಗೆ ದೂರದಿಂದಲೇ ಸೆಟ್ಟಿಂಗ್ ಹಾಕುವ ಸೌಲಭ್ಯ. 2018ರ ಏಪ್ರಿಲ್‌ನಲ್ಲಿ ಅದರ ಮೂಲಕವೇ ಇರಾನ್ ಸೇರಿ ಹಲವು ದೇಶಗಳ ಸ್ವಿಚ್‌ಗಳ ಕಾನ್ಫಿಗ್ ಹಾರಿಸಿದ್ದರು. 'ನೋ ವಿಸ್ಟ್ಯಾಕ್' ಎಂಬ ಒಂದು ಸಾಲು ಸಾಕು, ಪೈಸೆ ಖರ್ಚಿಲ್ಲ.

ಹಾಗಂತ ಪ್ಯಾಚ್ ಬೇಡ ಎನ್ನುತ್ತಿಲ್ಲ. 2019ರಲ್ಲಿ ಬಯಲಾದ ಮೈಕ್ರೋಟಿಕ್ ಕಂಪನಿಯ ರೂಟರ್‌ಗಳ ಐಪಿವಿ6 (ಹೊಸ ಬಗೆಯ ಐಪಿ ವಿಳಾಸ) ದೋಷದಲ್ಲಿ ಪ್ಯಾಕೆಟ್ ರೂಟರಿಗೇ ಬರಬೇಕಿರಲಿಲ್ಲ, ಸುಮ್ನೆ ದಾಟಿ ಹೋದರೂ ಮೆಮೊರಿ ತುಂಬಿ ರೀಬೂಟ್ ಆಗುತ್ತಿತ್ತು. ಅಂಥದ್ದಕ್ಕೆ ನನ್ನ ರೂಲ್ ಉಪಯೋಗಕ್ಕೆ ಬರಲ್ಲ, ಅಪ್‌ಗ್ರೇಡೇ ಗತಿ. ನಾನು ಹೊಸ ವರ್ಶನ್ ಬಂದರೆ ಮೊದಲು ಸ್ಪೇರ್ ಬಾಕ್ಸ್‌ಗೆ ಹಾಕಿ ಒಂದು ವಾರ ಓಡಿಸುತ್ತೇನೆ, ಆಮೇಲೆ ಬೆಳಗಿನ ಜಾವ ಮೂರಕ್ಕೆ ಕೋರ್‌ಗೆ.

ಗುಜರಿ ಸಿಸ್ಕೊ, ಸ್ಪೇರ್ ಬಾಕ್ಸ್, ಕೇಬಲ್ ಎಲ್ಲ ಸೇರಿ ಎಂಟೊಂಬತ್ತು ಸಾವಿರ ಆಗಿರಬಹುದು. ಏರಿಸಿದ್ದ ಬ್ಯಾಂಡ್‌ವಿಡ್ತ್ ಮರುತಿಂಗಳೇ ಇಳಿಸಿದೆ. ಹರಿಹರದ ಇಬ್ಬರು ಆಪರೇಟರ್‌ಗಳು ಬಂದು ಇದೇ ರೂಲ್ ಹಾಕಿಸಿಕೊಂಡು ಹೋಗಿದ್ದಾರೆ, ಅವರಲ್ಲಿ ಒಬ್ಬರು ಕೊಟೇಶನ್ ಕಳಿಸಿದ್ದವರೇ.